ರಾಗಿ ತೆನೆಯ ಹೆಬ್ಬೆರಳು ಲೆಕ್ಕಕ್ಕೆ ಬರುತ್ತಾ? ಉನ್ನತ ಶಿಕ್ಷಣ ಇಲಾಖೆಗೂ ಕೃಷಿ ವಿವಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಕಾಲೇಜು ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ನಮ್ಮ ಲ್ಯಾಬಿನ ಬೀರುವಿನಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇದೆ. ಅದರ ತುಂಬ ಕೆಂಪು ಮಣಿ, ಬಿಳಿ ಮಣಿ. ತಳಿಶಾಸ್ತ್ರದ ಪ್ರಾಕ್ಟಿಕಲ್ ಅಂದರೆ ನಮ್ಮಲ್ಲಿ ಈ ಬಾಟಲಿ. ಕಣ್ಣು ಮುಚ್ಚಿ ಎರಡೆರಡು ಮಣಿ ತೆಗೆಯಬೇಕು. ಕೆಂಪು ಸೇರಿದ ಜೋಡಿ ಎಷ್ಟು, ಬರೀ ಬಿಳಿ ಜೋಡಿ ಎಷ್ಟು ಅಂತ ಬರೆದುಕೊಳ್ಳಬೇಕು. ಹೀಗೆ ನೂರು ಸಲ. ಕೊನೆಗೆ ತಳಿಶಾಸ್ತ್ರಕ್ಕೆ ಬುನಾದಿ ಹಾಕಿದ ಮೆಂಡೆಲ್ ಹೇಳಿದ 3:1, ಅಂದರೆ ಕೆಂಪು ಸೇರಿದ ಮೂರು ಜೋಡಿಗೆ ಬರೀ ಬಿಳಿಯ ಒಂದು ಜೋಡಿ, ಬರುತ್ತದೆಯೇ ನೋಡಬೇಕು.

ಒಂದು ವರ್ಷ ಸುಮ್ನೆ ಕುತೂಹಲಕ್ಕೆ ಇಡೀ ತರಗತಿಯ ರೆಕಾರ್ಡ್ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟೆ. ಮೂವರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಸರಿಯಾಗಿ 75:25 ಬಂದಿತ್ತು. ಒಂದು ಮಣಿಯೂ ಆಚೀಚೆ ಇಲ್ಲ. ಸ್ವತಃ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಬೆಳೆದು ಎಣಿಸಿದಾಗ ದುಂಡು ಕಾಳು 5,474, ಸುಕ್ಕು ಕಾಳು 1,850 ಸಿಕ್ಕಿದ್ದವು. ಭಾಗಿಸಿದರೆ 2.96. ಅವನ ಲೆಕ್ಕಗಳೆಲ್ಲ ಸೇರಿದರೆ ಜಾಸ್ತಿನೇ ಅಚ್ಚುಕಟ್ಟಾಗಿವೆ ಅಂತ 1936ರಲ್ಲಿ ಆರ್. ಎ. ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ ಅನುಮಾನ ಎತ್ತಿದ. ನಮ್ಮ ಮಕ್ಕಳ ರೆಕಾರ್ಡ್ ನೋಡಿದ್ದರೆ ಫಿಶರ್ ಏನನ್ನುತ್ತಿದ್ದನೋ.

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಉತ್ತರ ಪುಸ್ತಕದಲ್ಲೇ ಇದೆ. ಹತ್ತು ಜೋಡಿ ತೆಗೆದು ಮಿಕ್ಕದ್ದನ್ನು ಊಹಿಸಿ ಬರೆದರೆ ಒಂದು ಬಸ್ ಮೊದಲೇ ಊರು ಸೇರಬಹುದು. ನಾನೂ ಬಿಎಸ್ಸಿಯಲ್ಲಿ ಹಾಗೇ ಮಾಡಿದ್ದೆ.

ಈ ಪತ್ರದಲ್ಲಿ ಕೇಳುತ್ತಿರುವುದು ಇಷ್ಟು. ಉತ್ತರ ಯಾರಿಗೂ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಈ ಮಕ್ಕಳ ಕೈಗೆ ಕೊಡಿ. ಪ್ರಶ್ನೆ ರಾಗಿಯದಾಗಿರಲಿ. ಒಂದು ಕಾಲೇಜಿಗೆ ಕೊಟ್ಟರೆ ಸಾಲದು, ರಾಗಿ ಸೀಮೆಯ ಐವತ್ತು ಕಾಲೇಜಿಗೆ ಒಂದೇ ಮುಂಗಾರಿನಲ್ಲಿ ಕೊಡಿ.

ಯಾಕೆ ಹೀಗೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ನಮ್ಮ ಕಾಲೇಜಿನ ನೀರಿನ ಟ್ಯಾಂಕಿನ ಪಕ್ಕ ನಡೆದದ್ದನ್ನು ಹೇಳಬೇಕು.

ಅಲ್ಲಿ ಸುಮಾರು ಒಂದು ಗುಂಟೆ ಖಾಲಿ ಜಾಗವಿತ್ತು. ಪಾರ್ಥೇನಿಯಂ ಬೆಳೆದಿತ್ತು. ಮೂರು ವರ್ಷದ ಹಿಂದೆ ಅದನ್ನು ಕಿತ್ತು ಆರು ಬಗೆಯ ರಾಗಿ ಹಾಕಿದೆವು. ಜಿಪಿಯು-28, ಎಂಎಲ್-365, ಇಂಡಾಫ್-9 ಇವು ಮೂರು ಹೊಸ ತಳಿಗಳು. ಹಸಿರುಕಂಬಿ, ಕರಿಗಿಡ್ಡ, ಉಂಡೆ ರಾಗಿ ಇವು ಮೂರು ಮಕ್ಕಳು ನೆಂಟರಿಷ್ಟರನ್ನು ಕೇಳಿ ತಂದ ನಾಟಿ ತಳಿಗಳು. ಬುಡದಿಂದ ಎಷ್ಟು ತೆಂಡೆ (ಕವಲು) ಒಡೆಯಿತು, ಯಾವ ದಿನ ತೆನೆ ಹೊರಬಂತು, ಗಿಡ ಎಷ್ಟು ಎತ್ತರ, ಒಂದು ತೆನೆಯಲ್ಲಿ ಎಷ್ಟು ಬೆರಳು. ಇಷ್ಟನ್ನು ಬರೆಯುವುದು ಕೆಲಸ. ಸುಲಭ ಅಂದುಕೊಂಡಿದ್ದೆ.

ಬೆರಳು ಎಣಿಸುವ ದಿನ ಜಗಳ ಶುರುವಾಯಿತು. ಇಬ್ಬರು ಹುಡುಗಿಯರು ಒಂದೇ ತೆನೆ ಹಿಡಿದಿದ್ದಾರೆ. ಒಬ್ಬಳು 7 ಅಂತ ಬರೆದಿದ್ದಾಳೆ, ಇನ್ನೊಬ್ಬಳು 8. ರಾಗಿ ತೆನೆ ನೋಡಿದವರಿಗೆ ಗೊತ್ತು. ಬೆರಳುಗಳೆಲ್ಲ ತುದಿಯಲ್ಲಿ ಒಂದೇ ಕಡೆಯಿಂದ ಹೊರಡುತ್ತವೆ. ಆದರೆ ಅದಕ್ಕಿಂತ ಸ್ವಲ್ಪ ಕೆಳಗೆ, ದಂಟಿನ ಮೇಲೆ, ಬೇರೆಯಾಗಿ ಒಂದು ಬೆರಳು ಇರುತ್ತದೆ. ನಮ್ಮ ಕೈಯ ಹೆಬ್ಬೆರಳಿನ ಹಾಗೆ.

“ಇದು ಗುಂಪಲ್ಲಿ ಇಲ್ಲ, ಬಿಡಬೇಕು ಮೇಡಂ” ಅಂದಳು 7 ಬರೆದವಳು.

“ಹೆಬ್ಬೆರಳು ಬೆರಳಲ್ವಾ? ನಿನ್ನ ಕೈಯಲ್ಲಿ ಎಷ್ಟು ಬೆರಳು ಅಂತ ಕೇಳಿದರೆ ನಾಲ್ಕು ಅಂತೀಯಾ?” ಅಂದಳು 8 ಬರೆದವಳು.

ನನ್ನ ಕಡೆ ನೋಡಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ಹದಿನೆಂಟು ವರ್ಷದ ಪಾಠದಲ್ಲಿ ಆ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ಒಂದು ಕೈ ಬೆರಳಿನಲ್ಲಿ ಎಣಿಸಬಹುದು, ಹೆಬ್ಬೆರಳನ್ನು ಬಿಟ್ಟೇ.

ಅಷ್ಟರಲ್ಲಿ ಕುಣಿಗಲ್ ಕಡೆಯ ಒಬ್ಬ ಹುಡುಗ ತಲೆ ಹಾಕಿದ. ಅವನು ಸಾಮಾನ್ಯವಾಗಿ ಹಿಂದಿನ ಬೆಂಚು, ಮಾತೇ ಕಡಿಮೆ. “ಮೇಡಂ, ಎಲ್ಲ ತೆನೆಗೂ ಹೆಬ್ಬೆರಳು ಇಲ್ಲ. ಕರಿಗಿಡ್ಡದ ಸಾಲಲ್ಲಿ ಕೆಲವಕ್ಕೆ ಎರಡಿವೆ. ಈಗ ಬಿಟ್ಟುಬಿಟ್ಟರೆ ಆಮೇಲೆ ಅದು ತಳಿಯ ಗುಣಾನೋ ನಮ್ಮ ಎಣಿಕೆಯ ತಪ್ಪೋ ಹೇಗೆ ಗೊತ್ತಾಗುತ್ತೆ?” ಅಂದ. ಆಮೇಲೆ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತು ಮೂವತ್ತು ತೆನೆಗಳನ್ನು ಎರಡೂ ರೀತಿಯಲ್ಲಿ ಎಣಿಸಿದರು. ಕೊನೆಗೆ ಹಾಳೆಯಲ್ಲಿ ಹೆಬ್ಬೆರಳಿಗೇ ಬೇರೆ ಕಾಲಂ ಮಾಡಿದರು. ಇದು ಪರೀಕ್ಷೆಗೆ ಬರುತ್ತಾ ಅಂತ ಅವತ್ತು ಒಬ್ಬರೂ ಕೇಳಲಿಲ್ಲ.

ಅಂಥದ್ದೇ ಇನ್ನೊಂದು ಸಂಗತಿ. ಒಂದು ಸಾಲಿನ ಅರ್ಧ ಗಿಡಗಳಲ್ಲಿ ತೆನೆ ಹೊರಬಂದ ದಿನವನ್ನು ಗುರುತು ಹಾಕಬೇಕು. ಅದಕ್ಕೆ ದಿನಾ ಹೋಗಿ ನೋಡಬೇಕು. ರಾಗಿಗೆ ಭಾನುವಾರ, ಸರ್ಕಾರಿ ರಜೆ ಗೊತ್ತಿಲ್ಲ. ಮಕ್ಕಳು ತಾವೇ ಪಾಳಿ ಹಾಕಿಕೊಂಡರು. ಗೌರಿ ಹಬ್ಬದ ದಿನ ಬೆಳಗ್ಗೆ ಒಬ್ಬಳು ರೇಷ್ಮೆ ಲಂಗದಲ್ಲೇ ಬಂದು ಎಣಿಸಿಕೊಂಡು ಹೋದಳಂತೆ, ವಾಚ್‌ಮನ್ ಹೇಳಿದ.

ಕೊಯ್ಲಿಗೆ ಮೂರು ವಾರ ಇರುವಾಗ ಕಾಲೇಜಿನಲ್ಲಿ ಎನ್‌ಎಸ್‌ಎಸ್ ಶ್ರಮದಾನ ನಡೆಯಿತು. ನಾನು ಮೌಲ್ಯಮಾಪನಕ್ಕೆ ಬೇರೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಅಟೆಂಡರ್ ಫೋನ್ ಮಾಡಿದರು. “ಮೇಡಂ, ನಿಮ್ಮ ರಾಗಿ ಅರ್ಧ ಹೋಯ್ತು.” ಟ್ಯಾಂಕಿನ ಸುತ್ತ ಸ್ವಚ್ಛ ಮಾಡಿ ಅಂದಿದ್ದಾರೆ, ಹುಡುಗರು ಹುರುಪಿನಲ್ಲಿ ಹುಲ್ಲಿನ ಜೊತೆ ಮೂರು ಸಾಲು ರಾಗಿಯನ್ನೂ ಕಿತ್ತು ಗುಡ್ಡೆ ಹಾಕಿದ್ದಾರೆ. ನಮ್ಮ ಲೇಬಲ್ಲುಗಳು ಐಸ್‌ಕ್ರೀಂ ಕಡ್ಡಿಗಳು. ಅವನ್ನೂ ಕಸ ಅಂತ ಆರಿಸಿ ಚೀಲಕ್ಕೆ ಹಾಕಿದ್ದರು. ತಪ್ಪು ಅವರದ್ದಲ್ಲ. ಅಲ್ಲಿ ಏನು ನಡೆಯುತ್ತಿದೆ ಅಂತ ಕಾಲೇಜಿನಲ್ಲಿ ನಮ್ಮ ಹನ್ನೊಂದು ಮಂದಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾವ ಸುತ್ತೋಲೆಯಲ್ಲೂ ಇಲ್ಲ, ಯಾವ ಅಂಕಪಟ್ಟಿಯಲ್ಲೂ ಇಲ್ಲ. ಇಲಾಖೆಯ ಕಣ್ಣಿಗೆ ಅದು ಕಳೆಯೇ.

ಈಗ ವಿಷಯಕ್ಕೆ ಬರುತ್ತೇನೆ.

ಪದವಿ ಮಕ್ಕಳನ್ನು ಸೇರಿಸಿಕೊಂಡು, ಹಲವು ಕಾಲೇಜುಗಳು ಒಟ್ಟಾಗಿ ಗಿಡದ ತಳಿಶಾಸ್ತ್ರದಲ್ಲಿ ನಿಜವಾದ ಸಂಶೋಧನೆ ಮಾಡುವುದು ನನ್ನ ತಲೆಯಲ್ಲಿ ಹುಟ್ಟಿದ ಸಂಗತಿಯೇನಲ್ಲ. ಅಮೆರಿಕದ ಸೌತ್ ಕ್ಯಾರೊಲಿನಾದ ಕಾಲೇಜ್ ಆಫ್ ಚಾರ್ಲ್ಸ್‌ಟನ್, ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜು ಮತ್ತು ಇನ್ನೂ ಕೆಲವು ಕಡೆಯ ಮೇಷ್ಟ್ರುಗಳು ಸೇರಿ ‘ಅನ್‌ಪ್ಯಾಕ್’ ಅನ್ನುವ ಜಾಲ ಕಟ್ಟಿದರು. ಅವರು ಬೆಳೆಸುವುದು ಅರಬಿಡಾಪ್ಸಿಸ್ ಅನ್ನುವ ಗಿಡ. ಸಾಸಿವೆ ಜಾತಿಯ ಪುಟ್ಟ ಕಳೆ. ಟೀ ಲೋಟದಷ್ಟು ಮಣ್ಣು ಸಾಕು, ಆರೇಳು ವಾರದಲ್ಲಿ ಬೀಜ ಕೊಡುತ್ತದೆ. ಗಿಡಗಳ ಪೈಕಿ ಮೊಟ್ಟಮೊದಲು ಪೂರ್ತಿ ಜೀನೋಮ್, ಅಂದರೆ ಡಿಎನ್ಎಯ ಇಡೀ ಬರಹ, ಓದಿದ್ದು ಇದರದ್ದೇ, 2000ರಲ್ಲಿ. ಆಮೇಲೆ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯವರು ಇದರ ಜೀನುಗಳ ನಡುವೆ ಹೊರಗಿನ ಡಿಎನ್ಎ ತುಂಡು ತೂರಿಸಿ, ಒಂದೊಂದು ಗಿಡದಲ್ಲಿ ಒಂದೊಂದು ಜೀನ್ ಕೆಡುವ ಹಾಗೆ ಮಾಡಿದರು. 2003ರಲ್ಲಿ ಅವರು ಕೊಟ್ಟ ಲೆಕ್ಕದಲ್ಲಿ 21,000ಕ್ಕೂ ಹೆಚ್ಚು ಜೀನುಗಳಿಗೆ ಇಂಥ ಗಿಡಗಳಿದ್ದವು. ಬೀಜ ಬೇಕಾದವರು ಒಹಾಯೊ ರಾಜ್ಯದ ಬೀಜ ಕೇಂದ್ರದಿಂದ ತರಿಸಿಕೊಳ್ಳಬಹುದು.

ತಮಾಷೆ ಇರುವುದು ಇಲ್ಲಿ. ಜೀನ್ ಕೆಟ್ಟಿದೆ, ಗಿಡ ನೋಡಿದರೆ ಚೆನ್ನಾಗೇ ಇದೆ. ಇಂಥವು ಎಷ್ಟೋ. ನಿಜಕ್ಕೂ ಚೆನ್ನಾಗಿದೆಯಾ, ಇಲ್ಲ ಹತ್ತು ಕಾಯಿ ಕಡಿಮೆ ಬಿಡುತ್ತಿದೆಯಾ, ಎರಡು ದಿನ ತಡವಾಗಿ ಮೊಳೆಯುತ್ತಿದೆಯಾ? ಇದನ್ನು ತಿಳಿಯಲು ಸಾವಿರಾರು ಗಿಡ ಬೆಳೆದು ತಾಳ್ಮೆಯಿಂದ ಎಣಿಸಬೇಕು. ಒಂದು ಲ್ಯಾಬಿನ ನಾಲ್ಕು ಪಿಎಚ್‌ಡಿ ವಿದ್ಯಾರ್ಥಿಗಳಿಂದ ಆಗದು. ಆದ್ದರಿಂದ ಕಾಲೇಜು ಕಾಲೇಜಿನಲ್ಲಿ ಪದವಿ ಮಕ್ಕಳು ಒಂದೇ ಕ್ರಮದಲ್ಲಿ ಬೆಳೆದು, ಅಳೆದು, ಒಂದೇ ಕಡೆ ದಾಖಲಿಸುತ್ತಾರೆ. ಆ ಅಂಕಿಗಳು ಸಂಶೋಧನಾ ಪ್ರಬಂಧಗಳಿಗೆ ಹೋಗುತ್ತವೆ.

ನಮ್ಮ ಹತ್ತಿರ ಅರಬಿಡಾಪ್ಸಿಸ್ ಬೆಳೆಸುವ ತಣ್ಣನೆ ಕೋಣೆಗಳಿಲ್ಲ. ಬೇಕಾಗೂ ಇಲ್ಲ. ರಾಗಿ ಇದೆ.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ರಾಗಿಯ ಜೀನೋಮ್ ಪ್ರಕಟವಾಯಿತು. ಓದಿದ್ದು ನಾವು ಹೊಲದಲ್ಲಿ ಬೆಳೆಯುವ ಎಂಎಲ್-365 ತಳಿಯನ್ನೇ. ಅದರಲ್ಲಿ 85,243 ಜೀನುಗಳಿವೆ ಅಂತ ಅವರ ಅಂದಾಜು. ಇಷ್ಟು ದೊಡ್ಡ ಸಂಖ್ಯೆಗೆ ಕಾರಣ ರಾಗಿ ಎರಡು ಹುಲ್ಲುಗಳ ಜೀನೋಮ್ ಸೇರಿ ಆದದ್ದು. 36 ವರ್ಣತಂತುಗಳು (ಕ್ರೋಮೋಸೋಮ್), ಒಂಬತ್ತೊಂಬತ್ತರ ನಾಲ್ಕು ಗುಂಪು. ಅಕ್ಷರ ಓದಿ ಆಯಿತು. ಅರ್ಥ ಆಗಬೇಕಾದರೆ ಯಾವ ತಳಿ ಯಾವ ಮಣ್ಣಿನಲ್ಲಿ ಏನು ಮಾಡುತ್ತದೆ ಅನ್ನುವ ಅಳತೆ ಬೇಕು. ಡಿಎನ್ಎ ಓದುವ ಯಂತ್ರ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದೆ. ತೆನೆಯ ಬೆರಳು ಎಣಿಸುವ ಕಣ್ಣು ಅಗ್ಗವಾಗಿಲ್ಲ.

ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ತಮ್ಮ ಸಾವಿರಾರು ರಾಗಿ ಸಂಗ್ರಹದಿಂದ ಆರಿಸಿ 80 ತಳಿಗಳ ಒಂದು ಚಿಕ್ಕ ಗುಂಪು ಮಾಡಿದ್ದಾರೆ. ಆ ಇಡೀ ಸಂಗ್ರಹದ ವೈವಿಧ್ಯವನ್ನು ಆದಷ್ಟು ಅದರಲ್ಲೇ ಹಿಡಿದಿಡುವುದು ಅವರ ಉದ್ದೇಶ. ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಆವರಣದಲ್ಲೂ ದೊಡ್ಡ ಸಂಗ್ರಹವಿದೆ. ಕಾಲೇಜುಗಳಿಗೆ 80 ಬೇಡ, 20 ತಳಿ ಕೊಟ್ಟರೂ ಸಾಕು. ರಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ನೂರಕ್ಕೆ ಒಂದೋ ಏನೋ ಹೊರಗಿನ ಪರಾಗಕ್ಕೆ ಕಾಳು ಕಟ್ಟುತ್ತದೆ. ಹಾಗಾಗಿ ಒಂದೇ ಚೀಲದ ಬೀಜ ಕೋಲಾರಕ್ಕೆ ಹೋದರೂ ಕೊಳ್ಳೇಗಾಲಕ್ಕೆ ಹೋದರೂ ಜೀನುಗಳ ಮಟ್ಟಿಗೆ ಅದೇ ರಾಗಿ. ಅಲ್ಲಿಗೂ ಇಲ್ಲಿಗೂ ಬೆಳೆಯಲ್ಲಿ ವ್ಯತ್ಯಾಸ ಕಂಡರೆ ಅದು ಮಣ್ಣಿನದು, ಮಳೆಯದು, ಬಿತ್ತಿದ ದಿನದ್ದು. ಒಂದೇ ಕಾಲೇಜಿನ ಒಳಗೆ ತಳಿ ತಳಿಯ ನಡುವೆ ಕಂಡರೆ ಅದರ ಹಿಂದೆ ಜೀನ್ ಇರಬಹುದು. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕಾದರೆ ಬೇಕಾದ್ದು ಜಾಗಗಳು. ಬಹಳ ಜಾಗಗಳು.

“ಅವರ ಹೊಲಕ್ಕೆ ಬಂದದ್ದು ನಮ್ಮ ಹೊಲಕ್ಕೆ ಬರಲ್ಲ” ಅಂತ ನಮ್ಮ ರೈತರು ಹೇಳುವುದು ಇದನ್ನೇ. ಕೃಷಿ ವಿವಿಗಳು ತಮ್ಮ ಸಂಶೋಧನಾ ಕೇಂದ್ರಗಳಲ್ಲಿ ಬಹಳ ಎಚ್ಚರಿಕೆಯಿಂದ ಪ್ರಯೋಗ ಮಾಡುತ್ತವೆ. ಆದರೆ ಅವರಿಗಿರುವ ಕೇಂದ್ರಗಳು ಎಷ್ಟು? ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ 400ಕ್ಕೂ ಹೆಚ್ಚಿವೆ. ಹೊಸಕೋಟೆ, ಮಾಗಡಿ, ಚಿಂತಾಮಣಿ, ಗುಬ್ಬಿ, ಅರಸೀಕೆರೆ, ಕಡೂರು, ಹೊಸದುರ್ಗ, ನಾಗಮಂಗಲ, ಗುಂಡ್ಲುಪೇಟೆ. ಹೆಸರು ಹೇಳುತ್ತಾ ಹೋದರೆ ರಾಗಿ ಸೀಮೆಯ ನಕ್ಷೆಯೇ ಆಗುತ್ತದೆ. ಕಾಲೇಜುಗಳು ಹೀಗೆ ಊರೂರಿಗೆ ಚೆದುರಿರುವುದನ್ನು ಗುಣಮಟ್ಟದ ಸಮಸ್ಯೆ ಅಂತಲೇ ಮಾತಾಡುತ್ತೇವೆ. ಈ ಕೆಲಸಕ್ಕೆ ಅದೇ ಬಂಡವಾಳ. ಬೆಂಗಳೂರಿನ ಎಷ್ಟು ದೊಡ್ಡ ಲ್ಯಾಬಿಗೂ ಹೊಸದುರ್ಗದ ಕೆಂಪು ಮಣ್ಣು ಇಲ್ಲ.

ಉತ್ತರದ ಜಿಲ್ಲೆಗಳವರು ಈ ಪತ್ರ ಓದಿ ಮುನಿಸಿಕೊಳ್ಳಬೇಡಿ. ವಿಜಯಪುರ, ಕಲಬುರಗಿಯಲ್ಲಿ ರಾಗಿ ಹಾಕಿ ಅಂದರೆ ಮಕ್ಕಳೇ ನಗುತ್ತಾರೆ. ಅಲ್ಲಿ ಹಿಂಗಾರಿ ಜೋಳ, ತೊಗರಿ ಇಟ್ಟುಕೊಂಡು ಧಾರವಾಡ, ರಾಯಚೂರು ವಿವಿಗಳು ಇದೇ ಕೆಲಸ ಮಾಡಬಹುದು. ತೊಗರಿಯಲ್ಲಿ ಜೇನ್ನೊಣ ಪರಾಗ ಬೆರೆಸುವುದು ಜಾಸ್ತಿ, ಬೀಜ ಶುದ್ಧವಾಗಿ ಇಡುವುದು ಕಷ್ಟ. ಮೊದಲಿಗೆ ಜೋಳವೇ ಒಳ್ಳೆಯದು. ನನಗೆ ಗೊತ್ತಿರುವುದು ರಾಗಿ, ಹಾಗಾಗಿ ರಾಗಿಯ ಮಾತು.

“ಬಿಎಸ್ಸಿ ಹುಡುಗರ ಅಳತೆಯನ್ನು ನಂಬೋದು ಹೇಗೆ?” ಇದನ್ನು ನನಗೆ ಒಬ್ಬ ಹಿರಿಯ ವಿಜ್ಞಾನಿ ಮುಖಕ್ಕೇ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. 75:25 ನೋಡಿದವಳು ನಾನು, ನನಗೆ ಆ ಅನುಮಾನ ಇರದೇ ಇರುತ್ತಾ? ಆದರೆ ದಾರಿ ಇದೆ. ಬೀಜದ ಪೊಟ್ಟಣದ ಮೇಲೆ ತಳಿಯ ಹೆಸರು ಬೇಡ, ಬರೀ ನಂಬರ್ ಇರಲಿ. ಯಾವುದು ಜಾಸ್ತಿ ಇಳುವರಿಯದು ಅಂತ ಗೊತ್ತಿಲ್ಲದಿದ್ದರೆ ಅದರ ಕಡೆ ವಾಲುವ ಪ್ರಶ್ನೆಯೇ ಇಲ್ಲ. ಪ್ರತಿ ಕಾಲೇಜಿನಲ್ಲೂ ಒಂದು ತಳಿ ಸಾಮಾನ್ಯವಾಗಿರಲಿ, ಜಿಪಿಯು-28 ಆಗಬಹುದು. ತಳಿ ಅಭಿವೃದ್ಧಿ ಮಾಡುವವರು ಇದಕ್ಕೆ ‘ಚೆಕ್’ ಅನ್ನುತ್ತಾರೆ. ಅದನ್ನು ಎರಡು ಬೇರೆ ನಂಬರಿನಲ್ಲಿ ಕಳಿಸಿ, ಯಾರಿಗೂ ಹೇಳಬೇಡಿ. ಆ ಎರಡು ನಂಬರುಗಳ ಅಳತೆಯಲ್ಲಿ ಬಹಳ ಅಂತರ ಕಂಡರೆ ಆ ಕಾಲೇಜಿನ ಅಂಕಿಗಳನ್ನು ಪಕ್ಕಕ್ಕಿಡಿ. ತಳಿಗಳನ್ನು ಚೀಟಿ ಎತ್ತಿ ಸಾಲಿಗೆ ಹಂಚಿ, ಮೂರು ಕಡೆ ಮೂರು ಸಲ ಹಾಕಿಸಿ. ಪ್ರತಿ ತೆನೆಯನ್ನೂ ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಅವರಿಬ್ಬರ ಲೆಕ್ಕ ಹೊಂದದಿದ್ದರೆ ಅದನ್ನೂ ಹಾಗೇ ಬರೆಯಲಿ, ತಿದ್ದುವುದು ಬೇಡ. ನಮ್ಮ ಹೆಬ್ಬೆರಳಿನ ಕಾಲಂ ಹುಟ್ಟಿದ್ದೇ ಹೊಂದದ ಲೆಕ್ಕದಿಂದ.

ಇನ್ನು ದೊಡ್ಡ ಸಲಕರಣೆ ಏನೂ ಬೇಡ. ಮೊದಲ ವರ್ಷ ನಮಗೆ ಆದ ಖರ್ಚು 6,400 ರೂಪಾಯಿ. ಅದರಲ್ಲಿ ಜಾಸ್ತಿ ಹೋದದ್ದು ಬೇಲಿಯ ಬಲೆಗೆ ಮತ್ತು ಒಂದು ಸಣ್ಣ ತೂಕದ ಯಂತ್ರಕ್ಕೆ. ಬಲೆ ಹಾಕಿದ್ದರೂ ಒಂದು ಹಸು ನುಗ್ಗಿತ್ತು, ಅದು ಬೇರೆ ಕಥೆ.

ಅಳೆಯುವುದಷ್ಟೇ ಅಲ್ಲ, ಮಣಿ ಬಾಟಲಿಗೆ ನೇರ ಬದಲಿಯೂ ರಾಗಿಯಲ್ಲಿದೆ. ರಾಗಿ ಹೂ ಕಣ್ಣಿಗೆ ಕಾಣದಷ್ಟು ಚಿಕ್ಕದು, ಅರಳುವುದು ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ಕೈಯಿಂದ ಪರಾಗಸ್ಪರ್ಶ ಮಾಡಿಸುವುದು ತಜ್ಞರಿಗೂ ಹಿಂಸೆ. ಇದಕ್ಕೆ ನಮ್ಮ ತಳಿ ವಿಜ್ಞಾನಿಗಳು ಬಳಸುವ ಸರಳ ಉಪಾಯ ಒಂದಿದೆ. ಹಸಿರು ಗಿಡದ ತೆನೆಯನ್ನೂ ನೇರಳೆ ಬಣ್ಣದ ಗಿಡದ ತೆನೆಯನ್ನೂ ಅರಳುವ ಮೊದಲು ಒಟ್ಟಿಗೆ ಕಟ್ಟಿ ಕಾಗದದ ಚೀಲ ಹಾಕುತ್ತಾರೆ. ಹಸಿರು ತೆನೆಯ ಕಾಳನ್ನು ಬಿತ್ತುತ್ತಾರೆ. ಹಸಿರು ಸಸಿಗಳ ನಡುವೆ ಎಲ್ಲೋ ಒಂದಕ್ಕೆ ಗಿಣ್ಣಿನಲ್ಲಿ ನೇರಳೆ ಬಣ್ಣ ಕಂಡರೆ ಅದು ಮಿಶ್ರತಳಿ, ಯಾಕೆಂದರೆ ನೇರಳೆ ಪ್ರಬಲ ಗುಣ, ಒಂದು ಕಡೆಯಿಂದ ಬಂದರೂ ಎದ್ದು ಕಾಣುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿಸಿದ್ದು ಇಂಥ ತಾಳ್ಮೆಯ ಕೆಲಸದಿಂದ. ಇಂಡಿಯಾ, ಆಫ್ರಿಕಾ ಸೇರಿ ‘ಇಂಡಾಫ್’. ರಾಗಿಯ ತವರೇ ಪೂರ್ವ ಆಫ್ರಿಕಾ, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದ ಸೊಸೆ. ಆ ಲೆಕ್ಕದಲ್ಲಿ ಲಕ್ಷ್ಮಣಯ್ಯನವರು ಮಾಡಿಸಿದ್ದು ತವರಿನ ಬಳುವಳಿ.

ಆ ನೇರಳೆ ಗಿಣ್ಣಿನ ಸಸಿಯನ್ನು ಬೆಳೆಸಿ, ಅದರ ಕಾಳನ್ನು ಮತ್ತೆ ಬಿತ್ತಿ, ಮಕ್ಕಳು ಎಣಿಸಲಿ. 3:1 ಬರಬಹುದು. ಎರಡು ಜೊತೆ ಜೀನುಗಳು ಒಂದೇ ಕೆಲಸ ಮಾಡುತ್ತಿದ್ದರೆ 15:1 ಬರಬಹುದು. ನಾಲ್ಕು ಗುಂಪು ವರ್ಣತಂತುಗಳ ಗಿಡ ಅಲ್ವಾ, ಏನು ಬಂದರೂ ಸೋಜಿಗವಿಲ್ಲ. ರೆಕಾರ್ಡಿನಲ್ಲಿ ಮೊದಲೇ ಬರೆದಿಡಲು ಆಗುವುದಿಲ್ಲ. ಎಣಿಸಲೇ ಬೇಕು.

ಇಷ್ಟಕ್ಕೆ ನಿಮ್ಮಿಂದ ಏನು ಬೇಕು ಅಂದರೆ, ಮೊದಲನೆಯದು ವೇಳಾಪಟ್ಟಿ. ರಾಗಿ ಜುಲೈ ಆಸುಪಾಸಿನಲ್ಲಿ ಬಿತ್ತನೆ, ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು. ತಳಿ ನೋಡಿಕೊಂಡು 95ರಿಂದ 125 ದಿನ. ನಮ್ಮ ಸೆಮಿಸ್ಟರ್ ಯಾವ ವರ್ಷ ಯಾವಾಗ ಶುರು, ಯಾವಾಗ ಪರೀಕ್ಷೆ ಅಂತ ಜೋಯಿಸರೂ ಹೇಳಲಾರರು. ತೆನೆ ಬರುವ ವಾರದಲ್ಲೇ ಮಕ್ಕಳು ಪರೀಕ್ಷೆ ಬರೆಯುತ್ತಿರುತ್ತಾರೆ. ಪ್ರಾಜೆಕ್ಟನ್ನು ಒಂದು ಸೆಮಿಸ್ಟರಿಗೆ ಕಟ್ಟಿಹಾಕಬೇಡಿ. ಎರಡು ಸೆಮಿಸ್ಟರಿಗೆ ಹರಡಿ: ಒಂದರಲ್ಲಿ ಬೆಳೆ, ಇನ್ನೊಂದರಲ್ಲಿ ಲೆಕ್ಕ ಹಾಕಿ ಬರೆಯುವುದು. ಮಣಿ ಪ್ರಾಕ್ಟಿಕಲ್‌ಗೆ ಇರುವ ಅಂಕವನ್ನೇ ಇದಕ್ಕೆ ಕೊಡಿ, ಹೊಸ ಅಂಕ ಹುಡುಕುವುದು ಬೇಡ.

2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು. ಕೊನೆಯ ವರ್ಷ ಸಂಶೋಧನೆ ಅಂದರು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ಯಾವುದು ಸರಿ ಅನ್ನುವ ಜಗಳ ನನಗೆ ಬೇಡ. ನಮ್ಮ ಬಹಳ ಮಕ್ಕಳ ಮನೆಯಲ್ಲಿ ನಾಲ್ಕನೇ ವರ್ಷದ ಖರ್ಚು ಹೊರುವ ಶಕ್ತಿ ಇರಲಿಲ್ಲ ಅನ್ನುವುದನ್ನು ನಾನೇ ಕಂಡಿದ್ದೇನೆ. ಆದರೆ ನಾಲ್ಕನೇ ವರ್ಷದ ಜೊತೆ ಸಂಶೋಧನೆಯ ಮಾತೂ ತಣ್ಣಗಾಯಿತು. ಸಂಶೋಧನೆ ಯಾಕೆ ಕೊನೆಯ ವರ್ಷಕ್ಕೇ ಕಾಯಬೇಕು? ತೆನೆ ಎಣಿಸಲು ಮೊದಲ ವರ್ಷದ ಮಕ್ಕಳ ಕಣ್ಣು ಸಾಕು. 1911ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹಣ್ಣು ನೊಣಗಳ ಮೇಲೆ ತಳಿ ಪ್ರಯೋಗ ಮಾಡುತ್ತಿದ್ದ ಮಾರ್ಗನ್ ಮೇಷ್ಟ್ರ ಲ್ಯಾಬಿನಲ್ಲಿ ಕೂತಿದ್ದ 19 ವರ್ಷದ ಸ್ಟರ್ಟವಂಟ್ ಇನ್ನೂ ಪದವಿ ವಿದ್ಯಾರ್ಥಿ. ನೊಣಗಳ ಅಂಕಿಗಳನ್ನು ಮನೆಗೆ ಒಯ್ದು, ಕಾಲೇಜಿನ ಹೋಂವರ್ಕ್ ಬಿಟ್ಟು ರಾತ್ರಿ ಕೂತು, ವರ್ಣತಂತುವಿನ ಮೇಲೆ ಜೀನುಗಳು ಯಾವ ಕ್ರಮದಲ್ಲಿವೆ ಅನ್ನುವ ಜಗತ್ತಿನ ಮೊದಲ ನಕ್ಷೆ ಮಾಡಿದ. ಹೋಂವರ್ಕ್ ಮಾಡದ್ದಕ್ಕೆ ಅವನಿಗೆ ಯಾರೂ ಇಂಟರ್ನಲ್ ಮಾರ್ಕ್ಸ್ ಕತ್ತರಿಸಲಿಲ್ಲ ಅಂದುಕೊಳ್ಳುತ್ತೇನೆ.

ಎರಡನೆಯದು ಅತಿಥಿ ಉಪನ್ಯಾಸಕರ ವಿಷಯ. ಇದನ್ನು ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ನಮ್ಮ ಪ್ರಯೋಗದಲ್ಲಿ ನನ್ನ ಜೊತೆ ನಿಂತವರು ಒಬ್ಬ ಅತಿಥಿ ಉಪನ್ಯಾಸಕರು. ಕಳೆ ಕೀಳುವುದರಿಂದ ಹಿಡಿದು ಎಕ್ಸೆಲ್ ಹಾಳೆವರೆಗೆ ಅವರದ್ದೇ ಕೆಲಸ. ಬೆಳೆ ನಡುವೆ ಇರುವಾಗ ಅವರ ಅವಧಿ ಮುಗಿಯಿತು. ಮತ್ತೆ ಆದೇಶ ಬರುವವರೆಗೆ ಸಂಬಳವಿಲ್ಲ. ಆದರೂ ವಾರಕ್ಕೆರಡು ಸಲ ಸ್ವಂತ ಪೆಟ್ರೋಲಿನಲ್ಲಿ ಬಂದು ಹೋಗುತ್ತಿದ್ದರು. ಮುಂದಿನ ವರ್ಷ ಕೌನ್ಸೆಲಿಂಗಿನಲ್ಲಿ ಅವರಿಗೆ ಬೇರೆ ತಾಲ್ಲೂಕು ಸಿಕ್ಕಿತು. ರಾಜ್ಯದ ಎಷ್ಟೋ ಕಾಲೇಜುಗಳ ವಿಜ್ಞಾನ ವಿಭಾಗಗಳು ನಿಂತಿರುವುದೇ ಇವರ ಮೇಲೆ. ಇವರನ್ನು ಬಿಟ್ಟು ಯಾವ ಜಾಲವನ್ನು ಕಟ್ಟುತ್ತೀರಿ? ಪ್ರಯೋಗ ಇರುವ ಕಾಲೇಜಿನಲ್ಲಿ ಬಿತ್ತನೆಯಿಂದ ಕೊಯ್ಲಿನವರೆಗೆ ಅವರ ಕೆಲಸ ತಪ್ಪದ ಹಾಗೆ ಒಂದು ಆದೇಶ ಮಾಡಿ. ಆ ಕೆಲಸವನ್ನು ವರ್ಕ್‌ಲೋಡಿನಲ್ಲಿ ಗಂಟೆಗಳಾಗಿ ಲೆಕ್ಕ ಹಿಡಿಯಿರಿ.

ಕೃಷಿ ವಿವಿಗಳಿಂದ ಬೇಕಾದ್ದು ಬೀಜ, ಒಂದು ಸ್ಪಷ್ಟ ಕನ್ನಡದ ಕೈಪಿಡಿ, ಮತ್ತು ವರ್ಷಕ್ಕೆ ಎರಡು ಸಲ ಬಂದು ನೋಡುವ ಒಬ್ಬ ವಿಜ್ಞಾನಿ. ಕೈಪಿಡಿ ಕನ್ನಡದಲ್ಲೇ ಇರಲಿ. ‘ಟಿಲ್ಲರ್’ ಅಂದಾಗ ಟ್ರ್ಯಾಕ್ಟರ್ ನೆನಪಾಗುವ ಮಕ್ಕಳಿಗೆ ತೆಂಡೆ ಅಂದರೆ ತಕ್ಷಣ ಗೊತ್ತು. ನಿಮ್ಮ ಕೃಷಿ ಬಿಎಸ್ಸಿ ಮಕ್ಕಳು ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗಳಲ್ಲಿ ಬಂದು ಇರುತ್ತಾರೆ. ಅವರನ್ನು ಹತ್ತಿರದ ಪದವಿ ಕಾಲೇಜಿನ ಪ್ರಯೋಗದ ಸಾಲುಗಳಿಗೂ ಕಳಿಸಿ. ಅವರಿಗೆ ಬೆಂಕಿ ರೋಗ ಗುರುತಿಸಲು ಬರುತ್ತದೆ. ನಮ್ಮವರಿಗೆ ಬರುವುದಿಲ್ಲ, ಎಲೆ ಒಣಗಿದರೆ ನೀರು ಸಾಲದು ಅಂತ ಬರೆದುಬಿಡುತ್ತಾರೆ. ನಾನೂ ಒಂದು ಸಲ ಹಾಗೇ ಬರೆಸಿದ್ದೆ.

ಮಕ್ಕಳು ಮನೆಯಿಂದ ತರುವ ನಾಟಿ ಬೀಜದ ಬಗ್ಗೆ ಒಂದು ಎಚ್ಚರಿಕೆ. ಅದು ಯಾರದ್ದೋ ಮನೆಯವರು ತಲೆತಲಾಂತರದಿಂದ ಉಳಿಸಿಕೊಂಡು ಬಂದದ್ದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ರೈತರ ತಳಿಗಳನ್ನು ರೈತರ ಹೆಸರಿನಲ್ಲೇ ನೋಂದಾಯಿಸಲು ಅವಕಾಶವಿದೆ. ಯಾರ ಮನೆಯದು, ಯಾವ ಊರಿನದು, ಒಪ್ಪಿಗೆ ಕೊಟ್ಟಿದ್ದಾರೆಯೇ ಅನ್ನುವುದು ಮೊದಲ ದಿನವೇ ದಾಖಲಾಗಬೇಕು. ಆ ತಳಿಯಲ್ಲಿ ಮುಂದೆ ರೋಗನಿರೋಧಕ ಜೀನ್ ಸಿಕ್ಕಿತು ಅಂದುಕೊಳ್ಳಿ. ಅವತ್ತು ಪ್ರಬಂಧದಲ್ಲಿ ‘ಸ್ಥಳೀಯ ತಳಿ’ ಅಂತ ಎರಡು ಪದದಲ್ಲಿ ಮುಗಿಸಬಾರದು. ಈ ವಿಷಯ ಸರಿಯಾಗದೆ ನಾನಂತೂ ಮನೆಯ ಬೀಜವನ್ನು ಕಾಲೇಜಿನ ಹೊರಗೆ ಕಳಿಸುವುದಿಲ್ಲ.

ಹಾಗೆಯೇ ಮಕ್ಕಳ ಹೆಸರು. 2015ರಲ್ಲಿ ಅಮೆರಿಕದ ಹಲವು ಕಾಲೇಜುಗಳು ಸೇರಿ ಹಣ್ಣು ನೊಣದ ಜೀನೋಮ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದವು. ಲೇಖಕರು 1,000ಕ್ಕೂ ಹೆಚ್ಚು, ಅವರಲ್ಲಿ 900ಕ್ಕೂ ಹೆಚ್ಚು ಮಂದಿ ಪದವಿ ವಿದ್ಯಾರ್ಥಿಗಳು. ಅಷ್ಟು ಉದ್ದದ ಪಟ್ಟಿ ನೋಡಿ ನಕ್ಕವರೂ ಇದ್ದರು. ನಗಲಿ ಬಿಡಿ. ಹಬ್ಬದ ದಿನ ರೇಷ್ಮೆ ಲಂಗದಲ್ಲಿ ಬಂದು ತೆನೆ ಎಣಿಸಿದವಳ ಹೆಸರು ಆ ಅಂಕಿಯ ಪಕ್ಕ ಇರಬೇಕು. ‘ವಿದ್ಯಾರ್ಥಿಗಳ ಸಹಾಯಕ್ಕೆ ಕೃತಜ್ಞತೆಗಳು’ ಅನ್ನುವ ಒಂದು ಸಾಲು ಸಾಲದು.

ಈ ಮುಂಗಾರಿಗೆ ಐವತ್ತು ಕಾಲೇಜು ಆಗದಿದ್ದರೆ ಐದು ಕಾಲೇಜಿನಿಂದ ಶುರು ಮಾಡಿ. ಹತ್ತಿರದ ಎರಡು ಕಾಲೇಜುಗಳ ಸಸ್ಯಶಾಸ್ತ್ರದವರು ಬರಲು ತಯಾರಿದ್ದಾರೆ, ನಾನು ಮಾತಾಡಿದ್ದೇನೆ. ಒಬ್ಬರಿಗೆ ಜಾಗವಿದೆ, ನೀರಿಲ್ಲ. ಇನ್ನೊಬ್ಬರಿಗೆ ನೀರಿದೆ, ಜಾಗದಲ್ಲಿ ಹೊಸ ಕಟ್ಟಡದ ಜಲ್ಲಿ ಬಿದ್ದಿದೆ. ನಮ್ಮ ಟ್ಯಾಂಕಿನ ಪಕ್ಕದ ಒಂದು ಗುಂಟೆ ಹಸನಾಗಿದೆ. ಈ ಸಲ ಲೇಬಲ್ ಐಸ್‌ಕ್ರೀಂ ಕಡ್ಡಿಯದ್ದಲ್ಲ. ಹಳೇ ಪೇಂಟ್ ಡಬ್ಬಿಯ ತಗಡು ಕತ್ತರಿಸಿ ಮೊಳೆಯಲ್ಲಿ ನಂಬರ್ ಕೊರೆದಿದ್ದೇವೆ. ಎನ್‌ಎಸ್‌ಎಸ್ ನಾಯಕನನ್ನೇ ತಂಡಕ್ಕೆ ಸೇರಿಸಿಕೊಂಡಿದ್ದೇವೆ.

ಬೀಜ ಯಾವಾಗ ಕಳಿಸುತ್ತೀರಿ ಅಂತ ತಿಳಿಸಿದರೆ ಉಪಕಾರ.

ಇಂತಿ,
ಸಸ್ಯಶಾಸ್ತ್ರದ ಒಬ್ಬ ಉಪನ್ಯಾಸಕಿ
ತುಮಕೂರು ಜಿಲ್ಲೆ

ಮರೆತಿದ್ದೆ: ಉಳಿದ ಮೂರು ಸಾಲುಗಳ ಅಂಕಿ ನಮ್ಮಲ್ಲಿದೆ. ಜಿಪಿಯು-28ರ 40 ತೆನೆಗಳಲ್ಲಿ 31ಕ್ಕೆ ಒಂದು ಹೆಬ್ಬೆರಳು, 9ಕ್ಕೆ ಇಲ್ಲ. ಕರಿಗಿಡ್ಡದಲ್ಲಿ ಎರಡು ಹೆಬ್ಬೆರಳಿನವು 6. ಅದು ತಳಿಯ ಗುಣವೋ ಟ್ಯಾಂಕಿನಿಂದ ಸೋರಿದ ನೀರಿನ ಪ್ರಭಾವವೋ ಹೇಳಲು ಇನ್ನೊಂದು ಊರಿನ ಸಾಲು ಬೇಕು.